ಸಮಾನತೆ ಸರ್ ಮತ್ತು ಅವರ ಮನೆಯವರು

ಸಿಂಧನೂರಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ಡಾ. ಅಮರಗುಂಡಪ್ಪನವರನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ 'ಸಮಾನತೆ ಸರ್' ಎಂದು ಕರೆಯುತ್ತಾರೆ. ಎದುರಿಗೇ ಕರೆದರೂ ಅವರು ಬೇಸರ ಮಾಡಿಕೊಳ್ಳುವವರಲ್ಲ. ಮಹಿಳೆ ಮತ್ತು ರಾಜಕಾರಣ ಎಂದು ಬ್ಯಾನರ್ ಕಟ್ಟಿದ ಸಭೆ ಮಸ್ಕಿಯಲ್ಲಾಗಲಿ, ಲಿಂಗಸುಗೂರಿನಲ್ಲಾಗಲಿ, ವೇದಿಕೆಯ ಮೇಲೆ ಶಾಲು ಹೊದ್ದು ಕೂತ ಗಂಡಸರ ಸಾಲಿನಲ್ಲಿ ಅವರಿಗೊಂದು ಕುರ್ಚಿ ಇದ್ದೇ ಇರುತ್ತದೆ. ಪ್ರಾರ್ಥನೆ ಹಾಡಲು ಮತ್ತು ಹೂಗುಚ್ಛ ಕೊಡಲು ಹೆಣ್ಣುಮಕ್ಕಳಿರುತ್ತಾರೆ. ಹೀಗೆ ಎರಡೂ ಕಡೆಯವರಿಗೆ ಪ್ರಾತಿನಿಧ್ಯ ಸಿಗುತ್ತದೆ.

ಅವರ ಊರು ಗುಡ್ಡದಹಾಳ. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವಾಗ ದೊಡ್ಡ ರಸ್ತೆ ಬಿಟ್ಟು ಒಳಗೆ ಹೊರಳಬೇಕು. ಕಾಲುವೆ ನೀರು ಮುಟ್ಟದ ಸೀಮೆ. ತೊಗರಿ, ಸಜ್ಜೆ, ಹತ್ತಿ ಬೆಳೆಯುತ್ತಾರೆ. ಮನೆಗೆ ಸಾಕಷ್ಟು ಹೊಲವಿತ್ತು. ಅಣ್ಣ ಚನ್ನವೀರಪ್ಪ ಹೊಲವನ್ನೂ ಊರ ರಾಜಕಾರಣವನ್ನೂ ಹಿಡಿದುಕೊಂಡ. ತಮ್ಮ ಕಲಬುರಗಿಗೆ ಹೋಗಿ ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದ. ಅಣ್ಣ ಮಾಡುವುದನ್ನೇ ತಮ್ಮ ಓದಿದ್ದು, ಆದರೆ ಓದಿದ ಮೇಲೆ ಅದಕ್ಕೆ ಇಂಗ್ಲಿಷಿನಲ್ಲಿ ಬೇರೆ ಹೆಸರಿದೆ ಎಂದು ಗೊತ್ತಾಯಿತು.

ಕೆಲಸ ಸಿಕ್ಕಿತು, ಪಿಎಚ್‌.ಡಿ. ಇಲ್ಲದೆ ಮುಂದೆ ಬಡ್ತಿ ಸಿಗದು ಎಂಬುದೂ ತಿಳಿಯಿತು. ಅಮರಗುಂಡಪ್ಪನವರಿಗೆ ನಿಜಾಮರ ಕಾಲದ ಆಡಳಿತದ ಮೇಲೆ ಸಂಶೋಧನೆ ಮಾಡುವ ಆಸೆ. ಮಾರ್ಗದರ್ಶಕರು ಒಪ್ಪಲಿಲ್ಲ.

"ನಿಜಾಮ ಹೋಗಿ ಭಾಳ ವರ್ಷ ಆತು. ಮಹಿಳೆ ಈಗ ಬಂದಾಳ. ಆಕಿನ್ನ ತಗೋ," ಎಂದರು.

ಅವರು ಆಕೆಯನ್ನು ತೆಗೆದುಕೊಂಡರು. ಹೀಗೆ ಪಂಚಾಯ್ತಿ ಮೀಸಲಾತಿಯಲ್ಲಿ ಗೆದ್ದ ಹೆಣ್ಣುಮಕ್ಕಳ ಅಧ್ಯಯನ ಶುರುವಾಯಿತು. ಬೈಕಿನ ಮೇಲೆ ದಢೇಸುಗೂರಿನ ಗದ್ದೆಗಳ ಕಡೆಯಿಂದ ಹಿಡಿದು ಮುದಗಲ್ಲಿನ ಆಚೆಯ ಹಳ್ಳಿಗಳವರೆಗೆ ತಿರುಗಿದರು. ಊರು ಹೊಕ್ಕು "ಅಧ್ಯಕ್ಷರು ಅದಾರೇನ್ರೀ?" ಎಂದು ಕೇಳಿದರೆ ಬಿಳಿ ಅಂಗಿಯ ಒಬ್ಬರು ಎದ್ದು ಬರುತ್ತಿದ್ದರು.

"ನಾನರೀ ಅಧ್ಯಕ್ಷ. ಅಂದ್ರ, ಕಾಗದದಾಗ ನಮ್ಮಾಕಿ ಅದಾಳ. ಬರ್ರಿ, ಕುಂಡ್ರ್ರಿ. ಏನು ಕೇಳೋದೈತಿ ಕೇಳ್ರಿ."

ಸರ್ ಕೂತು ಕೇಳುತ್ತಿದ್ದರು. 'ಗಂಡನ ಹಸ್ತಕ್ಷೇಪದಿಂದ ನಿಮಗೆ ತೊಂದರೆಯಾಗಿದೆಯೇ?' ಎಂಬ ಪ್ರಶ್ನೆಗೆ ಗಂಡಂದಿರು ತುಸು ಯೋಚಿಸಿ ಇಲ್ಲ ಎನ್ನುತ್ತಿದ್ದರು. ಕಾಗದದ ಅಧ್ಯಕ್ಷೆ ಚಹಾದ ತಟ್ಟೆ ಹಿಡಿದ ಕೈಯಾಗಿ ಬಾಗಿಲಲ್ಲಿ ಒಮ್ಮೆ ಕಂಡು ಮರೆಯಾಗುತ್ತಿದ್ದಳು. ಒಂದು ದಿನ ಮನೆಯಲ್ಲಿ ಈ ತಿರುಗಾಟದ ವರ್ಣನೆ ಕೇಳುತ್ತಿದ್ದ ಅವರ ಹೆಂಡತಿ ಪಾರ್ವತೆಮ್ಮ ಮಧ್ಯದಲ್ಲೇ ಬಾಯಿ ಹಾಕಿದರು.

"ಹೆಂಗಸರ ಸಲುವಾಗಿ ಬರ್ಯಾಕ ಹೋಗಾಕತ್ತೀರಲ್ಲ, ಹೆಂಗಸರು ಯಾರರ ಸಿಕ್ಕರೇನು?"

"ಅದು ಸಂಶೋಧನಾ ವಿಧಾನ. ನಿನಗ ತಿಳಿಯಂಗಿಲ್ಲ," ಎಂದರು ಸರ್.

ಮಹಾಪ್ರಬಂಧ ಬಂತು, ಪದವಿ ಬಂತು, ಅದೇ ಪುಸ್ತಕವಾಗಿಯೂ ಬಂತು. ಚುನಾಯಿತ ಹೆಂಡತಿಯ ಕುರ್ಚಿಯಲ್ಲಿ ಗಂಡ ಕೂಡುವುದು ಪ್ರಜಾಪ್ರಭುತ್ವಕ್ಕೆ ಮಾಡುವ ಅವಮಾನ ಎಂದು ಅದರಲ್ಲಿ ಖಾರವಾಗಿ ಬರೆದಿದ್ದರು. ಆ ಗಂಡಂದಿರ ಸಹಕಾರವಿಲ್ಲದಿದ್ದರೆ ಈ ಮಾತನ್ನು ಇಷ್ಟು ಆಧಾರಸಹಿತ ಹೇಳಲು ಆಗುತ್ತಲೇ ಇರಲಿಲ್ಲ.

ಅಲ್ಲಿಂದ ಅವರ ಹೆಸರು ಮೇಲೆದ್ದಿತು. ಕಾಲೇಜಿನ ಮಹಿಳಾ ಘಟಕಕ್ಕೆ ಸಂಚಾಲಕರಾದರು. ಮಾರ್ಚ್ ಎಂಟು ಬಂತೆಂದರೆ ಹೊರಗಿನಿಂದ ಅತಿಥಿಗಳು, ಅವರಿಗೆ ಸರ್ ಮನೆಯ ಊಟ. ಪಾರ್ವತೆಮ್ಮ ಬೆಳಕು ಹರಿಯುವ ಮುಂಚೆ ಎದ್ದು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಮಾಡಿ ಕಟ್ಟುತ್ತಿದ್ದರು. ವೇದಿಕೆಯಿಂದ ಸರ್ "ಮಹಿಳೆ ಅಡುಗೆಮನೆಯಿಂದ ಹೊರಬರಬೇಕು" ಎಂದು ಗುಡುಗುವ ಹೊತ್ತಿಗೆ ಪಾರ್ವತೆಮ್ಮ ಆಗಲೇ ಒಮ್ಮೆ ಹೊರಬಂದಿರುತ್ತಿದ್ದರು, ರೊಟ್ಟಿಯ ಗಂಟು ಆಟೋದಲ್ಲಿಡಲು.

ಪಾರ್ವತೆಮ್ಮ ತುರ್ವಿಹಾಳದವರು. ಕಾಲುವೆ ನೀರು ಕುಡಿದು ಬೆಳೆದವರ ಮಾತು ಜೋರು ಎಂದು ಗುಡ್ಡದಹಾಳದವರು ಹೇಳುತ್ತಾರೆ. ನಾಟಿಯ ದಿನಗಳಲ್ಲಿ ಅಪ್ಪ ಊರಲ್ಲಿಲ್ಲದಿದ್ದರೆ ಗದ್ದೆಯ ಬದುವಿನ ಮೇಲೆ ನಿಂತು ಆಳುಗಳ ಕೆಲಸ ನೋಡಿಕೊಳ್ಳುತ್ತಿದ್ದ ಹುಡುಗಿ. ಪಿಯುಸಿ ಆದ ಮೇಲೆ ಟೀಚರ್ ಆಗಬೇಕೆಂದಿದ್ದರು. ಅಷ್ಟರಲ್ಲಿ ಲೆಕ್ಚರರ್ ವರ ಬಂತು. ಮನೆಗೆ ಒಬ್ಬ ಮೇಷ್ಟ್ರು ಸಾಕೆಂದು ಹಿರಿಯರು ತೀರ್ಮಾನಿಸಿದರು. ಒಬ್ಬಳೇ ಮಗಳು ಐಶ್ವರ್ಯ ದೊಡ್ಡವಳಾಗಿ ಧಾರವಾಡಕ್ಕೆ ಓದಲು ಹೋದ ಮೇಲೆ, ಸಿಂಧನೂರಿನ ಮನೆಯಲ್ಲಿ ಅವರ ಮಾತಿಗೆ ಸಿಗುತ್ತಿದ್ದವರು ಸರ್ ಒಬ್ಬರೇ. ಸರ್ ಬರೆಯುತ್ತಿರುತ್ತಿದ್ದರು.

ಕೊರೊನಾ ವರ್ಷದ ಕೊನೆಗೆ ಪಂಚಾಯ್ತಿ ಚುನಾವಣೆ ಬಂತು. ಚನ್ನವೀರಪ್ಪ ಬಸ್ಸು ಹತ್ತಿ ಸಿಂಧನೂರಿಗೆ ಬಂದ. ಮೊದಲ ಎರಡೂವರೆ ವರ್ಷ ಅಧ್ಯಕ್ಷ ಸ್ಥಾನ ಮಹಿಳೆಗೆ ಬರುವ ಲಕ್ಷಣವಿದೆ ಎಂದು ಅವನಿಗೆ ಎಲ್ಲಿಂದಲೋ ಸುದ್ದಿ ಸಿಕ್ಕಿತ್ತು. ತಾನು ಒಂದು ವಾರ್ಡಿನಿಂದ ಸದಸ್ಯನಾಗುವುದು ಖಾತ್ರಿ. ಕುರ್ಚಿ ಮನೆ ಬಿಟ್ಟು ಹೋಗಬಾರದೆಂದರೆ ಮನೆಯ ಹೆಂಗಸೊಬ್ಬಳು ಬೇಕು.

"ಪಾರ್ವತಿ ಓಟು ಇನ್ನೂ ಊರಾಗ ಐತಿ. ಆಕಿನ್ನ ನಿಂದ್ರಸೋಣು," ಎಂದ.

"ವೈನಿ ಅದಾರಲ್ಲ?"

"ನಮ್ಮಾಕಿ ಊರಾಗ ಇರ್ತಾಳ, ಮಂದಿ ಕೂಡ ಮಾತಾಡ್ತಾಳ. ಅದು ಕೆಲಸಕ್ಕ ಬರಂಗಿಲ್ಲ. ಪಾರ್ವತಿ ಆದ್ರ ಇಲ್ಲೇ ಸಿಂಧನೂರಾಗ ಇರ್ತಾಳ. ಕಾಗದ ಕಳಸ್ತೀವಿ, ಸಹಿ ಮಾಡಿ ಕೊಟ್ರ ಮುಗೀತು."

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಅಣ್ಣಾ, ನಾ ಇದರ ವಿರುದ್ಧ ಪುಸ್ತಕಾನ ಬರದೀನಿ."

"ಅದಕ್ಕಲೇ ನಿನ್ನ ಹಂತ್ಯಾಕ ಬಂದೀನಿ. ಹೆಂಗ ಮಾಡಬೇಕು ಅಂತ ನಿನಗ ಪೂರಾ ಗೊತ್ತಿರ್ತೈತಿ."

ಈ ವಾದಕ್ಕೆ ಸರ್ ತಾವು ಓದಿದ ಸಿದ್ಧಾಂತಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಅವರಿಗೇ ಒಂದು ದಾರಿ ಹೊಳೆಯಿತು. ಹೊರಗೆ ನಿಂತು ನೋಡುವುದು ಒಂದು ಬಗೆಯ ಸಂಶೋಧನೆಯಾದರೆ ಒಳಗೆ ಹೊಕ್ಕು ನೋಡುವುದು ಇನ್ನೊಂದು ಬಗೆ. ದೊಡ್ಡ ದೊಡ್ಡ ವಿದ್ವಾಂಸರೇ ಕಾಡುಜನರ ನಡುವೆ ವರ್ಷಗಟ್ಟಲೆ ಇದ್ದು ಬಂದಿದ್ದಾರೆ. ತಾವು ಅಣ್ಣನ ರಾಜಕಾರಣದ ನಡುವೆ ಇದ್ದು ಬಂದರೆ ತಪ್ಪೇನು?

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪಾರ್ವತೆಮ್ಮ ಕೇಳಿದರು. "ನಿಂದ್ರಾಕಿ ನಾನು. ನನ್ನ ಕೇಳೋರು ಯಾರು?"

"ಕೇಳೋದೇನೈತಿ ತಂಗಿ, ಮನಿ ಇಜ್ಜತ್ ಪ್ರಶ್ನೆ," ಎಂದ ಚನ್ನವೀರಪ್ಪ.

ಪಾರ್ವತೆಮ್ಮ "ಆತು, ನಿಂದರ್ತೀನಿ," ಎಂದರು. ಅಣ್ಣ ತಮ್ಮ ಇಬ್ಬರೂ ಅದನ್ನು ವಿಧೇಯತೆ ಎಂದು ತಿಳಿದರು.

ಪಾರ್ವತೆಮ್ಮ ಗೆದ್ದರು, ಅಧ್ಯಕ್ಷರೂ ಆದರು. ಮೊದಲ ತಿಂಗಳುಗಳಲ್ಲಿ ಎಲ್ಲವೂ ಚನ್ನವೀರಪ್ಪ ಅಂದುಕೊಂಡಂತೆಯೇ ನಡೆಯಿತು. ಪಂಚಾಯ್ತಿಯ ಬಿಲ್ ಕಲೆಕ್ಟರ್ ಲಾಲ್‌ಸಾಬ್ ಕೈಚೀಲದಲ್ಲಿ ಕಾಗದಗಳನ್ನು ತುಂಬಿಕೊಂಡು ಸಿಂಧನೂರಿಗೆ ಬರುತ್ತಿದ್ದ. ಸರ್ ಓದುತ್ತಿದ್ದರು, ಪಾರ್ವತೆಮ್ಮ ಸಹಿ ಮಾಡುತ್ತಿದ್ದರು. ರಜೆಯ ದಿನ ಸರ್ ತಾವೇ ಊರಿಗೆ ಹೋಗಿ ಪಂಚಾಯ್ತಿಯಲ್ಲಿ ಕೂಡುತ್ತಿದ್ದರು. ಬೇರೆ ಕುರ್ಚಿಗಳ ಕಾಲು ಅಲುಗುತ್ತಿದ್ದವು, ಆದ್ದರಿಂದ ಅಧ್ಯಕ್ಷರ ಕುರ್ಚಿಯಲ್ಲೇ ಕೂಡುತ್ತಿದ್ದರು. ಜನ "ಅಧ್ಯಕ್ಷರ" ಎಂದು ಕರೆದರೆ ಮೊದಮೊದಲು ತಿದ್ದುತ್ತಿದ್ದರು. ಜನರ ಭಾಷೆಯನ್ನು ಮೇಲಿನಿಂದ ತಿದ್ದಬಾರದು ಎಂದು ಆಮೇಲೆ ಬಿಟ್ಟರು.

ಪಾರ್ವತೆಮ್ಮ ಲಾಲ್‌ಸಾಬನಿಗೆ ಚಹಾ ಕೊಟ್ಟು ಊರಿನ ಸುದ್ದಿ ಕೇಳುತ್ತಿದ್ದರು. ಯಾವ ಓಣಿಗೆ ನೀರು ಬರುತ್ತದೆ, ಸಭೆಗೆ ಯಾರು ಯಾರು ಬಂದಿದ್ದರು ಎಂದು.

"ಹೆಣ್ಣುಮಕ್ಕಳು ಬಂದಿದ್ದರೇನು ಸಭೆಗೆ?"

"ಎಲ್ಲಾರೂ ಬಂದಿದ್ರರೀ ಮೇಡಂ. ಅಂದ್ರ, ಅವರ ಮನಿಯವ್ರು ಬಂದಿದ್ರು."

ಆಗಸ್ಟ್ ಹದಿನೈದು ಬಂತು. ಪಾರ್ವತೆಮ್ಮ ಹೊಸ ಇಳಕಲ್ ಸೀರೆ ತೆಗೆದಿಟ್ಟಿದ್ದರು. ಸರ್ ಬೇಡವೆಂದರು. "ಬಸ್ಸಿನ್ಯಾಗ ಗದ್ದಲ ಇರ್ತೈತಿ, ಬಿಸಿಲು ಬ್ಯಾರೆ. ನೀ ಯಾಕ ತ್ರಾಸ ತಗೋತಿ? ನಾ ಹೋಗಿ ಬರ್ತೀನಿ." ಹೋದರು, ಪಂಚಾಯ್ತಿಯ ಮುಂದೆ ತಾವೇ ಧ್ವಜ ಹಾರಿಸಿದರು, ಆಮೇಲೆ ಮಹಿಳಾ ಸಬಲೀಕರಣದ ಬಗ್ಗೆ ಒಳ್ಳೆಯ ಭಾಷಣ ಮಾಡಿದರು. ಯಾರೋ ಮೊಬೈಲಿನಲ್ಲಿ ಅದನ್ನು ಹಿಡಿದು, ಸರ್ ಪುಸ್ತಕದ ಮುಖಪುಟದ ಜೊತೆ ಅಂಟಿಸಿ ವಾಟ್ಸಾಪಿನಲ್ಲಿ ಬಿಟ್ಟರು. ಸಂಜೆಯೊಳಗೆ ಆ ವಿಡಿಯೋ ಮಸ್ಕಿ ದಾಟಿ ಸಿಂಧನೂರು ಮುಟ್ಟಿತ್ತು. ಸರ್ ಬರೆದದ್ದಾವುದೂ ಇಷ್ಟು ಜನರನ್ನು ಅದುವರೆಗೆ ತಲುಪಿರಲಿಲ್ಲ.

ಮನೆಯಲ್ಲಿ ಪಾರ್ವತೆಮ್ಮನವರೂ ನೋಡಿದರು. ಸೀರೆಯನ್ನು ಮಡಚಿ ಮತ್ತೆ ಟ್ರಂಕಿನಲ್ಲಿಟ್ಟರು.

ಇದೇ ದಿನಗಳಲ್ಲಿ ಸರ್ ಕೈಕೆಳಗೆ ಭುವನೇಶ್ವರಿ ಎಂಬ ಹುಡುಗಿ ಪಿಎಚ್‌.ಡಿ. ಮಾಡುತ್ತಿದ್ದಳು. ಮುದಗಲ್ಲಿನವಳು, ಅದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅವಳ ವಿಷಯವೂ ಪಂಚಾಯ್ತಿಯ ಹೆಣ್ಣುಮಕ್ಕಳೇ. ಅಧ್ಯಕ್ಷೆಯರ ಸಂದರ್ಶನ ಮಾಡುತ್ತಾ ಬಂದವಳು ಒಂದು ದಿನ ಅಂಜುತ್ತಲೇ ಕೇಳಿದಳು. "ಸರ್, ಅಕ್ಕಾರದ್ದೂ ಒಂದು ಸಂದರ್ಶನ ಮಾಡ್ಲೇನ್ರೀ?" ಬೇಡವೆನ್ನಲು ಸರ್‌ಗೆ ಕಾರಣ ಸಿಗಲಿಲ್ಲ. ಭಾನುವಾರ ಮನೆಗೆ ಬಾ ಎಂದರು. ಬಂದಳು. ಸೋಫಾದ ಮೇಲೆ ಪಾರ್ವತೆಮ್ಮ ಕೂತರು, ಪಕ್ಕದಲ್ಲಿ ಸರ್ ಕೂತರು.

"ಅಕ್ಕಾರ, ಅಧ್ಯಕ್ಷರಾದ ಮ್ಯಾಲ ನಿಮಗ ದೊಡ್ಡ ತೊಂದರಿ ಅನಿಸಿದ್ದು ಯಾವುದ್ರೀ?"

"ನೀರು. ನೀರಿನ ಸಮಸ್ಯೆ ಅಂತ ಬರ್ಕೊ," ಎಂದರು ಸರ್.

"ಸಭೆಗೆ ನೀವ ಹೋಗ್ತೀರೇನ್ರೀ ಅಕ್ಕಾರ?"

"ಹೋಗ್ತಾಳ. ಆಗಾಗ ನಾ ಮಾರ್ಗದರ್ಶನ ಮಾಡ್ತೀನಿ. 'ಪತಿಯ ಸಹಕಾರ' ಅಂತ ಬರ್ಕೊ."

ಭುವನೇಶ್ವರಿಯ ಪೆನ್ನು ಗಾಳಿಯಲ್ಲಿ ನಿಂತಿತು. ಪಾರ್ವತೆಮ್ಮ ಕೇಳಿದರು. "ಈ ಪ್ರಶ್ನಿ ಯಾರು ಮಾಡ್ಯಾರವ್ವಾ?"

"ಸರ್ ಮಾಡಿಕೊಟ್ಟಾರ್ರೀ."

"ಅದಕ್ಕ ಅವರಿಗೆ ಉತ್ತರಾನೂ ಗೊತ್ತದಾವು." ಆಮೇಲೆ ಗಂಡನ ಕಡೆ ಹೊರಳಿ, ಬಹಳ ಸಮಾಧಾನದಿಂದ, "ರೀ, ಹುಡುಗಿ ಬಿಸಿಲಾಗ ಬಂದಾಳ. ನೀವೊಂದೀಟು ಚಾ ಮಾಡ್ಕೊಂಡು ಬರ್ರಿ. ಅಲ್ಲೀತನ ನಾ ಉಳಿದದ್ದು ಹೇಳ್ತಿರ್ತೀನಿ," ಎಂದರು.

ಮನೆಗೆಲಸದ ಸಮಾನ ಹಂಚಿಕೆಯ ಬಗ್ಗೆ ತಾವೇ ಪಾಠ ಮಾಡಿದ ವಿದ್ಯಾರ್ಥಿನಿಯ ಎದುರು ಸರ್ ಏನು ಹೇಳಬಲ್ಲರು? ಎದ್ದು ಹೋದರು. ಒಳಗೆ ಚಹಾಪುಡಿ ಯಾವ ಡಬ್ಬಿಯಲ್ಲಿದೆ ಎಂದು ಗೊತ್ತಿರಲಿಲ್ಲ. ಕೂಗಿ ಕೇಳಲು ಮಾನ ಅಡ್ಡ ಬಂತು. ಅರಿಶಿನ, ಜೀರಿಗೆ, ಹುಣಸೆಹಣ್ಣು ಎಲ್ಲವನ್ನೂ ತೆರೆದು ನೋಡಿ, ಹಾಲು ಒಮ್ಮೆ ಉಕ್ಕಿಸಿ, ಕೊನೆಗೆ ಮೂರು ಲೋಟ ಹಿಡಿದು ಬರುವಷ್ಟರಲ್ಲಿ ಸಂದರ್ಶನ ಮುಗಿದಿತ್ತು. ಭುವನೇಶ್ವರಿ ಪ್ರಶ್ನೆಗಳ ಹಾಳೆಯನ್ನು ಮಗುಚಿಟ್ಟು ಹಿಂಬದಿಯಲ್ಲೂ ಬರೆದಿದ್ದಳು.

ಅವಳು ಹೋದ ಮೇಲೆ ಪಾರ್ವತೆಮ್ಮ ಲೋಟ ತೊಳೆಯುತ್ತಾ ಹೇಳಿದರು. "ಸೋಮವಾರ ಊರಿಗೆ ಹೋಗ್ತೀನಿ. ಅಲ್ಲೇ ಇರ್ತೀನಿ. ಶನಿವಾರ ಬರ್ತೀನಿ."

"ಅಲ್ಲಿ ಬಿಸಿಲು..."

"ಗದ್ದಿ ಬದುವಿನ ಮ್ಯಾಲ ಬಿಸಿಲಾಗ ನಿಂತು ಬೆಳದಾಕಿ ನಾನು. ಧ್ವಜದ ಒಂದು ಹಗ್ಗ ಜಗ್ಗಾಕ ನನಗ ಬಿಸಿಲು ಹತ್ತತೈತೇನ್ರೀ?"

ಆ ವಾರ ಸರ್ ಖಾನಾವಳಿಗೆ ಹೋಗಿ ಉಂಡರು.

ಊರಿಗೆ ಹೋದ ಪಾರ್ವತೆಮ್ಮ ಪವಾಡವೇನೂ ಮಾಡಲಿಲ್ಲ. ನೀರು ಬಿಡುವ ಸರದಿಯನ್ನು ಸರಿ ಮಾಡುತ್ತೇನೆಂದು ಹೋಗಿ ಕೆಡಿಸಿ, ಕೆಳಗಿನ ಓಣಿಯ ಹೆಂಗಸರಿಂದ ಖಾಲಿ ಕೊಡದ ಸಮೇತ ಬೈಸಿಕೊಂಡರು. ತಿರುಗಿ ಬೈದರು. ಮರುದಿನ ಅದೇ ಹೆಂಗಸರ ಜೊತೆ ವಾಲ್ವಿನ ಹತ್ತಿರ ನಿಂತು, ಯಾರಿಗೆ ಯಾವಾಗ ಎಂದು ಜಗಳವಾಡುತ್ತಲೇ ಸರದಿ ಗೊತ್ತು ಮಾಡಿದರು. ಪಂಚಾಯ್ತಿಯ ಅಧಿಕಾರಿಯ ಜೊತೆ ಮಾತು ಬಿಟ್ಟು ಮತ್ತೆ ಶುರು ಮಾಡಿದರು. ಒಂದು ಕೆಲಸವನ್ನು ಮಾತ್ರ ಮೊದಲ ಸಭೆಯಲ್ಲೇ ಮಾಡಿದರು. ಸದಸ್ಯೆಯರ ಗಂಡಂದಿರು ಎಂದಿನಂತೆ ಬಂದು ಕೂತಿದ್ದರು. "ಅಣ್ಣಾರ, ನಿಮ್ಮ ಹೆಸರು ಹಾಜರಿ ಪುಸ್ತಕದಾಗಿಲ್ಲ. ಹೊರಗ ಬೇವಿನ ಗಿಡದ ಕೆಳಗ ನೆರಳು ಛಲೋ ಐತಿ," ಎಂದರು. ಗಂಡಂದಿರು ನಕ್ಕರು, ತಮಾಷೆ ಎಂದುಕೊಂಡರು. ಪಾರ್ವತೆಮ್ಮ ಕಾಯುತ್ತಾ ಕೂತರು, ಅವರು ಏಳುವವರೆಗೂ ಸಭೆ ಶುರುವಾಗಲಿಲ್ಲ. ಆಮೇಲೆ ಪ್ರತಿ ಸಭೆಗೂ ಮನೆಯಲ್ಲಿದ್ದ ಹೆಂಡತಿಯರು ಒಳಗೆ ಬಂದರು, ಒಳಗಿದ್ದ ಗಂಡಂದಿರು ಬೇವಿನ ನೆರಳಿಗೆ ಹೋದರು.

ಚನ್ನವೀರಪ್ಪ ತಮ್ಮನಿಗೆ ಫೋನ್ ಮಾಡಿದ. "ಲೇ ಅಮರಾ, ನಿನ್ನ ಹೆಂಡ್ತಿ ನಿನ್ನ ಪುಸ್ತಕ ಓದ್ಯಾಳೇನು?"

"ಇಲ್ಲಣ್ಣಾ. ಓದಿಲ್ಲ."

"ಮತ್ತ ಆಕಿನ್ನ ಕೆಡಿಸಿದವರು ಯಾರು?"

ಆ ಪ್ರಶ್ನೆ ಸರ್ ಮನಸ್ಸಿಗೆ ಬಹಳ ನೋವು ಕೊಟ್ಟಿತು. ಪುಸ್ತಕ ಬಂದು ಇಷ್ಟು ವರ್ಷವಾದರೂ ಅದರಿಂದ ಒಬ್ಬರೂ ಕೆಟ್ಟಿರಲಿಲ್ಲ.

ಭುವನೇಶ್ವರಿಯ ಪ್ರಬಂಧದಲ್ಲಿ ಒಂದು ಅಧ್ಯಾಯ ಪೂರ್ತಿ ಗುಡ್ಡದಹಾಳದ್ದೇ ಇತ್ತು. ಊರಿನ ಹೆಸರಿಲ್ಲದೆ, 'ಉಪನ್ಯಾಸಕರೊಬ್ಬರ ಪತ್ನಿ' ಎಂದಷ್ಟೇ ಬರೆದಿದ್ದಳು. ಸರ್ ಅದನ್ನು ತಿಂಗಳುಗಟ್ಟಲೆ ಮೇಜಿನ ಮೇಲಿಟ್ಟುಕೊಂಡರು. "ಇದು ವೈಯಕ್ತಿಕ ಆಗಾಕತ್ತೈತಲ್ಲ," ಎಂದರು. ಸರ್ ಸಹಿ ಇಲ್ಲದೆ ಅವಳ ಪ್ರಬಂಧ ಮುಂದೆ ಹೋಗುವಂತಿರಲಿಲ್ಲ. ಆದರೂ ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. "ಮನಿಯೊಳಗಿಂದೂ ರಾಜಕಾರಣನ ಅಂತ ನೀವ ಪಾಠ ಮಾಡೀರಲ್ರೀ ಸರ್." ಅಂದು ತಾವು ಅಷ್ಟು ಚೆನ್ನಾಗಿ ಪಾಠ ಮಾಡಬಾರದಿತ್ತು ಎನಿಸಿದರೂ ಸರ್ ಕೊನೆಗೆ ಸಹಿ ಹಾಕಿದರು. ಅವರು ಕೆಟ್ಟವರಲ್ಲ. ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪ್ರಾಧ್ಯಾಪಕರು ಅದೇ ಅಧ್ಯಾಯವನ್ನು ಮೆಚ್ಚಿ, ಈ ಉಪನ್ಯಾಸಕ ಮಹಾಶಯರು ನಿಜವಾಗಿಯೂ ಇದ್ದಾರೆಯೇ ಎಂದು ಕೇಳಿದರು. ಭುವನೇಶ್ವರಿ ಬಾಯಿ ತೆರೆಯುವ ಮೊದಲೇ ಸರ್ ಉತ್ತರ ಕೊಟ್ಟರು.

"ಅಂಥವರು ನಮ್ಮ ಕಡೆ ಭಾಳ ಮಂದಿ ಅದಾರ್ರೀ ಸರ್."

ಎರಡೂವರೆ ವರ್ಷ ಮುಗಿಯಿತು. ಉಳಿದ ಅವಧಿಗೆ ಅಧ್ಯಕ್ಷ ಸ್ಥಾನ ಸಾಮಾನ್ಯಕ್ಕೆ ಬಂತು. ಯಾವ ಸದಸ್ಯರಾದರೂ ನಿಲ್ಲಬಹುದು. ಚನ್ನವೀರಪ್ಪ ಹೊಸ ಅಂಗಿ ಹೊಲಿಸಿದ. ಪಾರ್ವತೆಮ್ಮ ಎಲ್ಲರ ಎದುರೇ, "ಭಾವಾರ, ನಾನೂ ನಿಂತೀನ್ರೀ," ಎಂದರು. ಊರಿಗೆ ನಗು ಬಂತು. ಸಾಮಾನ್ಯ ಎಂದರೆ ಗಂಡಸು ಎಂದು ತಿಳಿಯದಷ್ಟು ದಡ್ಡಿಯೇ ಈ ಹೆಂಗಸು?

ಅಣ್ಣನೂ ಫೋನ್ ಮಾಡಿದ, ಹೆಂಡತಿಯೂ ಮಾಡಿದರು. ಸರ್ ಇಬ್ಬರಿಗೂ ಒಂದೇ ಉತ್ತರ ಕೊಟ್ಟರು. ತಾವು ವಿದ್ವಾಂಸರಾದ್ದರಿಂದ ತಟಸ್ಥರಾಗಿರಬೇಕಾಗುತ್ತದೆ.

"ಆತ್ರೀ," ಎಂದರು ಪಾರ್ವತೆಮ್ಮ. "ಅಷ್ಟು ಮಾಡಿದ್ರೂ ಭಾಳಾತು."

ಮತದಾನ ಗುಟ್ಟಾಗಿ ಚೀಟಿಯಲ್ಲಿ. ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು. ಗಂಡಂದಿರು ಹಿಂದಿನ ದಿನವೇ ಮನೆಯಲ್ಲಿ ಹೇಳಿ, ಒಪ್ಪಿಸಿ, ದೇವರ ಮೇಲೆ ಆಣೆ ಹಾಕಿಸಿ ಕಳಿಸಿ, ಬೇವಿನ ಗಿಡದ ಕೆಳಗೆ ನಿಶ್ಚಿಂತೆಯಿಂದ ಕೂತಿದ್ದರು. ಎಣಿಕೆ ಮುಗಿದು ಲಾಲ್‌ಸಾಬ್ ಹೊರಗೆ ಬಂದ. ಗೆದ್ದವರು ಪಾರ್ವತೆಮ್ಮ. ಗಂಡಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಣೆ ಮುರಿದವಳು ತನ್ನ ಹೆಂಡತಿಯಲ್ಲ ಎಂದು ಪ್ರತಿಯೊಬ್ಬನಿಗೂ ಖಾತ್ರಿಯಿತ್ತು.

ಚನ್ನವೀರಪ್ಪ ಹತ್ತು ದಿನ ಮಾತು ಬಿಟ್ಟ. ಆಮೇಲೆ ತನ್ನ ಹೊಲದ ದಾರಿಗೆ ಗರಸು ಮಣ್ಣು ಹಾಕಿಸಬೇಕಾಗಿ ಬಂದು ಅರ್ಜಿ ಹಿಡಿದು ಪಂಚಾಯ್ತಿಗೆ ಬಂದ.

ಅದೇ ಚಳಿಗಾಲದಲ್ಲಿ ಲಿಂಗಸುಗೂರಿನಲ್ಲೊಂದು ವಿಚಾರ ಸಂಕಿರಣ ನಡೆಯಿತು. ಸರ್ ದಿಕ್ಸೂಚಿ ಭಾಷಣ ಮಾಡಿದರು. ವಿಷಯ, 'ಹಿಂದೆ ಸರಿದ ಪುರುಷ'. ಹೆಂಡತಿಗೆ ಅಧಿಕಾರ ಬಿಟ್ಟುಕೊಟ್ಟು, ತಾನೇ ಅನ್ನ ಬೇಯಿಸಿಕೊಂಡು, ಒಂಟಿಯಾಗಿ ಬದುಕುತ್ತಾ ಸಮಾಜಕ್ಕೆ ಮಾದರಿಯಾದ ಒಬ್ಬ ಗಂಡಸಿನ ಕಥೆಯನ್ನು, ಹೆಸರು ಹೇಳದೆ, ಆದರೆ ಎಲ್ಲರಿಗೂ ತಿಳಿಯುವಂತೆ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ತಾಲ್ಲೂಕು ಕಚೇರಿಯ ಕೆಲಸಕ್ಕೆಂದು ಅಂದು ಲಿಂಗಸುಗೂರಿಗೆ ಬಂದಿದ್ದ ಪಾರ್ವತೆಮ್ಮ ಹಿಂದಿನ ಸಾಲಿನಲ್ಲಿ ಸ್ವಲ್ಪ ಹೊತ್ತು ಕೂತು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು. ಸರ್ ವೇದಿಕೆಯಿಂದ ನೋಡಿದ್ದರು. ಸಂಜೆ ಫೋನ್ ಮಾಡಿದರು.

"ಹೆಂಗಿತ್ತು ಭಾಷಣ?"

"ಛಲೋ ಇತ್ತ್ರೀ. ಅವರು ಯಾರು, ಹಿಂದ ಸರದವರು? ನನಗ ಗುರ್ತ ಹತ್ತಲಿಲ್ಲ."

ಸರ್‌ಗೇ ನಗು ಬಂತು. ಈಚಿನ ವರ್ಷಗಳಲ್ಲಿ ತಮ್ಮ ಬಗ್ಗೆ ತಾವು ನಕ್ಕದ್ದು ಅದೇ ಮೊದಲಿರಬೇಕು. ಪಾರ್ವತೆಮ್ಮನವರೂ ಆ ಕಡೆಯಿಂದ ನಕ್ಕರು.

"ಶನಿವಾರ ಬರ್ತಿಯೇನು?" ಎಂದು ಕೇಳಿದರು ಸರ್.

"ಬರ್ತೀನಿ. ಅನ್ನ ಮಾಡಿಡ್ರಿ. ಬ್ಯಾಳಿ ಕುದಿಯಾಕ ಇಟ್ರ ಇನ್ನೂ ಛಲೋ."

ಸರ್ ಶಾಲು ಮಡಚಿ ಚೀಲಕ್ಕೆ ಹಾಕಿಕೊಂಡು, ಸಿಂಧನೂರಿನಲ್ಲಿ ಬಸ್ಸಿಳಿದವರೇ ಕಿರಾಣಿ ಅಂಗಡಿಗೆ ಹೋಗಿ ತೊಗರಿಬೇಳೆ ಕೇಳಿದರು. ಎಷ್ಟು ಎಂದು ಅಂಗಡಿಯವನು ಕೇಳಿದಾಗ ಅವರಿಗೆ ಗೊತ್ತಿರಲಿಲ್ಲ. ಇಬ್ಬರಿಗೆ ಎಷ್ಟು ಬೇಕಾಗುತ್ತದೆ ಎಂದು ಅವನನ್ನೇ ಕೇಳಿದರು.